ಪ್ರಜ್ಞೆ ತಪ್ಪುವ ಮೊದಲು ಕೈ ಎತ್ತಬೇಕು

ನನ್ನ ಮಗಳಿಗೆ ಮೂರ್ಛೆ ರೋಗವಿದೆ ಎಂದು ಗೊತ್ತಾದಾಗ ಅವಳು ಹತ್ತನೇ ತರಗತಿಯಲ್ಲಿದ್ದಳು. ನೆಲಕ್ಕೆ ಬಿದ್ದು ಕೈಕಾಲು ಸೆಟೆದುಕೊಳ್ಳುವ ದೊಡ್ಡ ಫಿಟ್ಸ್ ಮಾತ್ರೆಯಿಂದ ಹೆಚ್ಚುಕಡಿಮೆ ಹತೋಟಿಗೆ ಬಂತು. ಸಣ್ಣವು ಉಳಿದವು. ಮಾತಿನ ನಡುವೆ ಕಣ್ಣು ಎಲ್ಲೋ ನೆಟ್ಟು ನಿಲ್ಲುತ್ತಿತ್ತು, ತುಟಿ ಏನನ್ನೋ ಚಪ್ಪರಿಸುವಂತೆ ಆಡುತ್ತಿತ್ತು, ಆಮೇಲೆ ತಿರುಗಿ ಬರುತ್ತಿದ್ದಳು. ಬಂದ ಮೇಲೂ ಸ್ವಲ್ಪ ಹೊತ್ತು ಅಕ್ಷರ ಹತ್ತುತ್ತಿರಲಿಲ್ಲ. "ಇರುವೆ ಸಾಲು ಥರ ಇರತ್ತೆ ಅಮ್ಮ, ರೀಡ್ ಮಾಡಕ್ಕಾಗಲ್ಲ" ಎನ್ನುತ್ತಿದ್ದಳು.

ನಾವಿದ್ದದ್ದು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ಅವಳಿಗೆ ಫಾರ್ಮಸಿ ಓದುವ ಆಸೆ. ತಾನು ನುಂಗುವ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆಂದು ತಿಳಿಯಬೇಕಿತ್ತು. ಕೆಮಿಸ್ಟ್ರಿಯಲ್ಲಿ ತರಗತಿಗೇ ಮೊದಲಿಗಳು. ಅದೇ ಮುಳುವಾಯಿತು.

ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಮೊದಲು, ಇಂಥ ಮಕ್ಕಳ ಏರ್ಪಾಡು ನೋಡಿಕೊಳ್ಳುವ ಟೀಚರನ್ನು ಕಾಣಲು ಚಾಟ್ಸ್‌ವುಡ್‌ನ ನನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಮಗಳ ಜೊತೆ ಅವಳ ಶಾಲೆಗೆ ಹೋದೆ. ನಾವು ಕೇಳಿದ್ದು ಎರಡೇ. ಬೇರೆ ಕೋಣೆ, ಮತ್ತು ಫಿಟ್ಸ್‌ನಲ್ಲಿ ಕಳೆದುಹೋದ ಹೊತ್ತನ್ನು ವಾಪಸ್ ಕೊಡುವುದು. ಆಕೆಯ ನಗು ಚೆನ್ನಾಗಿತ್ತು. "ಇಷ್ಟು ಚೆನ್ನಾಗಿ ಮಾಡುವ ಹುಡುಗಿಗೆ ಇದೆಲ್ಲ ಬೇಕೇ? ಬೇರೆ ಮಕ್ಕಳಿಗೂ ನ್ಯಾಯವಾಗಬೇಕಲ್ಲ" ಎಂದರು ಇಂಗ್ಲಿಷಿನಲ್ಲಿ. ಕೊನೆಗೆ ಎರಡಕ್ಕೂ ಒಪ್ಪಿ ಒಂದು ಷರತ್ತು ಹಾಕಿದರು. ವಿದ್ಯಾರ್ಥಿನಿ ತಾನೇ ಕೈ ಎತ್ತಿ ಕೇಳಬೇಕು. ಆಗ ಗಡಿಯಾರ ನಿಲ್ಲಿಸುತ್ತಾರೆ.

"ಪ್ರಜ್ಞೆ ಇಲ್ಲದವಳು ಕೈ ಎತ್ತುವುದು ಹೇಗೆ?" ಎಂದೆ.

"ತಪ್ಪುವ ಮೊದಲು ಎತ್ತಲಿ."

"ಅದು ಬರುವುದು ಅವಳಿಗೇ ಗೊತ್ತಾಗುವುದಿಲ್ಲ."

"ನಿಯಮ ಎಲ್ಲರಿಗೂ ಒಂದೇ" ಎಂದರು, ಅದೇ ನಗುವಿನಲ್ಲಿ. ಮಗಳು ನನ್ನ ತೋಳು ಹಿಡಿದೆಳೆದಳು. "ಅಮ್ಮಾ, ಸ್ಟಾಪ್. ಪ್ಲೀಸ್."

ಕೆಮಿಸ್ಟ್ರಿ ಪರೀಕ್ಷೆಯ ದಿನ ಕೋಣೆಯಲ್ಲಿ ನಡೆದದ್ದನ್ನು ನಾನು ಮಗಳಿಂದಲೂ ಕೇಳಿದೆ, ಕಾವಲಿಗಿದ್ದ ಹೆಂಗಸಿನಿಂದಲೂ ಕೇಳಿದೆ. ಮಗಳಿಗೆ ನೆನಪಿದ್ದಷ್ಟರಲ್ಲಿ ಇಬ್ಬರ ಮಾತಿಗೂ ವ್ಯತ್ಯಾಸವಿರಲಿಲ್ಲ. ನಡುವೆ ಎಲ್ಲೋ ಮಗಳ ಕಣ್ಣು ನೆಟ್ಟು ನಿಂತಿತು. ಅವತ್ತು ಅದು ಸಣ್ಣದರಲ್ಲಿ ಮುಗಿಯಲಿಲ್ಲ. ಪೆನ್ನು ಉತ್ತರದ ಮೇಲೆ ಅಡ್ಡಡ್ಡ ಗೀರಿತು, ಮೈ ಸೆಟೆಯಿತು, ಉಚ್ಚೆ ಹೋಯಿತು. ಆ ಹೆಂಗಸು ಎದ್ದು ಬಂದು ಉಸಿರಾಡುತ್ತಿದ್ದಾಳೆಂದು ನೋಡಿ, ಬಿದ್ದರೆ ಹಿಡಿಯಲೆಂದು ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು. ಗಡಿಯಾರ ಓಡುತ್ತಲೇ ಇತ್ತು. ಎಚ್ಚರವಾದ ಮಗಳು ಹೊತ್ತು ಮುಗಿಯಿತೇ ಎಂದು ಕೇಳಿದ್ದಕ್ಕೆ, "ಇನ್ನೂ ಇದೆ, ಬರಿ" ಎಂದಳಂತೆ. ಒದ್ದೆ ಸ್ಕರ್ಟಿನಲ್ಲೇ ಕೂತು, ಓದಲಾಗದ ಪ್ರಶ್ನೆಗಳಿಗೆ ಅವಳು ಏನೇನೋ ಬರೆದಳು.

ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದು ಕಾರಿನಲ್ಲಿ ಕೂತಳು. ವಾಸನೆಯಿಂದಲೇ ನನಗೆ ತಿಳಿಯಿತು. ಓಡಿಹೋಗಿ ಆ ಹೆಂಗಸನ್ನು ಹಿಡಿದೆ.

"ನೀವು ನೋಡಿದಿರಲ್ಲ?"

"ನೋಡಿದೆ. ಪಾಪ. ಆದರೆ ಅವಳು ಕೈ ಎತ್ತಲಿಲ್ಲ."

ಮೇಲ್ಮನವಿ ಹಾಕಿದೆವು. ಫಿಟ್ಸ್ ಬಂದ ಮೇಲೂ ಅವಳು ತಾನಾಗಿ ಬರೆಯುವುದನ್ನು ಮುಂದುವರಿಸಿದ್ದಾಳೆ, ಆದ್ದರಿಂದ ಬರೆಯುವ ಸ್ಥಿತಿಯಲ್ಲೇ ಇದ್ದಳು ಎಂದು ಉತ್ತರ ಬಂತು. ಪೆನ್ನು ಕೆಳಗಿಟ್ಟು ಅತ್ತಿದ್ದರೆ ಬೇರೆ ಮಾತಾಗುತ್ತಿತ್ತಂತೆ. "ನಿಮ್ಮ ಮಗಳಿಗೆ ಛಲ ಹೆಚ್ಚು" ಎಂದರು ನಗುವ ಟೀಚರು ಫೋನಿನಲ್ಲಿ, ಹೊಗಳುವವರ ಹಾಗೆ.

ಫಾರ್ಮಸಿ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ ಬೇರೊಂದು ಕೋರ್ಸ್ ಸಿಕ್ಕಿತು. ಅಲ್ಲಿನ ಟಾರ್ನೀಟ್‌ನಲ್ಲಿದ್ದ ನನ್ನ ನಾದಿನಿಯ ಮನೆಯಲ್ಲಿ ಬಿಟ್ಟುಬಂದೆ. ನಾನು ಹೊರಡುವ ಮೊದಲೇ, ತನ್ನ ಮಗಳ ಮದುವೆಯ ಓಡಾಟದಲ್ಲಿದ್ದ ನಾದಿನಿ ನನ್ನ ಮಗಳನ್ನು ಕೂರಿಸಿಕೊಂಡು ಹೇಳಿದಳು: "ನೋಡು ಪುಟ್ಟಾ, ಈ ಸಬರ್ಬ್ ತುಂಬ ನಮ್ಮವರೇ ಇರೋದು. ನಿಮ್ಮಕ್ಕಂಗೆ ಗಂಡು ನೋಡ್ತಿದೀವಿ. ನಿನ್ನ ವಿಷ್ಯ ಎಲ್ಲೂ ಬಾಯಿಬಿಡಬೇಡ."

ಒಂದು ಶನಿವಾರ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ, ಕೊತ್ತಂಬರಿ ಸೊಪ್ಪಿನ ಮುಂದೆ ಮಗಳು ಕಣ್ಣು ನೆಟ್ಟು ಹಾಗೇ ನಿಂತುಬಿಟ್ಟಳಂತೆ. ಗುರುತಿನ ಆಂಟಿಯೊಬ್ಬರು ಏನಾಯ್ತು ಎಂದು ಕೇಳಿದ್ದಕ್ಕೆ ನಾದಿನಿ, "ನಿದ್ದೆಗೆಟ್ಟು ಓದ್ತಾಳೆ, ಅಷ್ಟೇ" ಎಂದು ನಕ್ಕು, ಇನ್ನೂ ಪೂರ್ತಿ ಎಚ್ಚರವಾಗದವಳನ್ನು ರೆಟ್ಟೆ ಹಿಡಿದು ಕಾರಿಗೆ ಎಳೆದೊಯ್ದಳು. ರೆಟ್ಟೆಯ ಮೇಲಿನ ಉಗುರಿನ ಗುರುತಿನ ಫೋಟೋವನ್ನು ಮಗಳು ನನಗೆ ಕಳಿಸಿದಳು. ಸ್ವಲ್ಪ ದಿನದಲ್ಲೇ ಅವಳು ಬೇರೆ ರೂಮು ಹಿಡಿದಳು.

ಯೂನಿವರ್ಸಿಟಿಯಲ್ಲಿ ರೋಗದ ವಿಷಯ ಹೇಳುವುದಿಲ್ಲವೆಂದು ಹಟ ಹಿಡಿದಿದ್ದಳು. ನಾನು ಕಾಡಿ ಬೇಡಿ ಹೇಳಿಸಿದೆ. ಮೊದಲ ಪರೀಕ್ಷೆಯ ಸಂಜೆ ನಾನು ಚಾಟ್ಸ್‌ವುಡ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಫೋನ್ ಮಾಡಿದಳು.

"ಇವತ್ತೂ ಬಂತು ಅಮ್ಮ. ಅವರೇ ಕ್ಲಾಕ್ ಸ್ಟಾಪ್ ಮಾಡಿದ್ರು. ನೀರು ಕೊಟ್ರು. ಓದಕ್ಕಾಗತ್ತೆ ಅಂತ ನಾನು ಹೇಳೋವರೆಗೂ ವೇಟ್ ಮಾಡಿದ್ರು."

"ಒಳ್ಳೇದಾಯ್ತಲ್ಲ ಕಂದಾ."

"ಇಷ್ಟು ಈಸಿನಾ ಇದು?" ಎಂದಳು. ಹೊಡೆತ ತಿಂದ ಮಗುವಿನಂತೆ ಅತ್ತಳು. ಕೆಮಿಸ್ಟ್ರಿ ಪರೀಕ್ಷೆಯ ಆ ಹೆಂಗಸು ಯಾಕೆ ಸುಮ್ಮನೆ ಕೂತು ತನ್ನನ್ನು ನೋಡಿದಳು ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳಿದಳು. ಆಮೇಲೆ ಫೋನ್ ಇಟ್ಟಳು.

ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಇನ್ನೊಮ್ಮೆ ಫಾರ್ಮಸಿಗೆ ಪ್ರಯತ್ನಿಸು ಎಂದು ಒಂದೇ ಸಲ ಹೇಳಿ ನೋಡಿದೆ. "ಬೇಡ" ಎಂದಳು. ಅವಳು ಕನ್ನಡದಲ್ಲಿ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.