ಟೆಂಟಿಗೆ ಹೊರಟ ಪ್ರಾಣೇಶರಾಯರು
ತ್ರಿಪ್ಲಿಕೇನಿನ ಪ್ರಾಣೇಶರಾಯರು ವಿಮಾ ಕಚೇರಿಯ ಗೆಳೆಯರೊಂದಿಗೆ ಏಲಗಿರಿ ಬೆಟ್ಟಕ್ಕೆ, ಜೀವಮಾನದಲ್ಲೇ ಮೊದಲ ಸಲ ಟೆಂಟಿನಲ್ಲಿ ಮಲಗಲು ಹೊರಟಿದ್ದರು. ಎಲ್ಲಿಗೆ ಹೊರಟರೂ ಮನೆಯನ್ನೇ ಹೊತ್ತೊಯ್ಯುವ ಆಸಾಮಿ. ಟಾರ್ಚಿನ ಜೊತೆಗೆ ಲಾಟೀನು, ಅದೂ ಆರಿದರೆ ಇರಲೆಂದು ಮೇಣದಬತ್ತಿ. ಮಳೆಗೆ ಕೊಡೆ, ಕೊಡೆ ಹಾರಿಹೋದರೆ ರೇನ್‌ಕೋಟು. ಕರಡಿ ಬಂದರೆ ಬಡಿದು ಓಡಿಸಲು ತಟ್ಟೆ, ಬರದಿದ್ದರೆ ಉಣ್ಣಲೂ ಅದೇ. "ಕೊಂಚಮ್ ಕಮ್ಮಿ ಮಾಡ್ರೀ! ಕ್ಯಾಂಪಿಗೆ ಹೋಗ್ತೀರೋ, ಅಲ್ಲೇ ಸಂಸಾರ ಹೂಡ್ತೀರೋ?" ಎಂದು ನಗುತ್ತಾ ಚೀಲ ಕೆದಕಿದ ಹೆಂಡತಿ ಅನಸೂಯಮ್ಮನಿಗೆ ತಳದಲ್ಲಿ ಲೇಬಲ್ ಕೂಡ ಕೀಳದ ಹೊಸ ಲೇಡೀಸ್ ಸ್ವೆಟರ್ ಸಿಕ್ಕಿತು. "ಇದ್ಯಾರಿಗ್ರೀ?" ರಾಯರು ತಲೆಯೆತ್ತದೆ ಗೊಣಗಿದರು: "ಎಲ್ರೂ ಹೆಂಡ್ತೀರನ್ನ ಕರ್ಕೊಂಡ್ ಬರ್ತಾರೆ. ನಿನ್ನ ಕೇಳೋಕ್ಕೆ ಒರು ಮಾದಿರಿ ನಾಚಿಕೆ ಆಯ್ತು." ಮದುವೆಯಾದಾಗಿನಿಂದ ನೆಂಟರ ಮನೆಗಳನ್ನಷ್ಟೇ ಕಂಡಿದ್ದ ಅನಸೂಯಮ್ಮ ಎರಡು ದಿನ ಹಾಲು ಬೇಡವೆಂದು ಹೇಳಿಬರಲು ಚಪ್ಪಲಿ ಮೆಟ್ಟಿದರು.