ಕಾವಲು ಹೆಚ್ಚಾದ ಮೋಟರು

ಔರಾದಿನ ನಮ್ಮ ಮನೆಯ ಹಿತ್ತಲಲ್ಲಿ ಆ ಮುಂಜಾನೆ ಮೋಟರು ಗಾಡಿಯ ಸುತ್ತ ನಿಂತವರು ಐದು ಮಂದಿ. ಜೋಳ-ಹೆಸರುಕಾಳಿನ ವ್ಯಾಪಾರಿ ನಮ್ಮಪ್ಪ, ಅವನ ತಮ್ಮ ಶಿವಲಿಂಗ ಕಾಕಾ, ಮೋಟರು ನಡೆಸುವ ಖಾಸಿಂ ಮಾಮಾ, ಸೆರಗಿನ ತುದಿಗೆ ಒಂದು ಕಾಗದ ಗಂಟು ಹಾಕಿಕೊಂಡ ಅವ್ವ, ಮತ್ತು ನಾನು. ನಾನೆಂದರೆ ಹೈದರಾಬಾದಿನಲ್ಲಿ ಎರಡು ವರ್ಷ ಕಾಲೇಜು ಕಂಡು, ಮೋಟರಿನ ಮೇಲಿನ ಉರ್ದು ಪುಸ್ತಕವೊಂದನ್ನು ಮುಕ್ಕಾಲು ಪಾಲು ಓದಿದ್ದ ಇಪ್ಪತ್ತರ ಪಂಡಿತ. ಮೋಟರು ಯಾಕೆ ಚಾಲೂ ಆಗುವುದಿಲ್ಲ ಎಂಬುದೆಲ್ಲ ಓದದೆ ಬಿಟ್ಟ ಕಾಲು ಪಾಲಿನಲ್ಲಿತ್ತೆಂದು ಆಮೇಲೆ ತಿಳಿಯಿತು.

ಕಾಗದ ನಮ್ಮ ಅಕ್ಕನದು. ರಜಾಕಾರರ ಕಾಲದಲ್ಲಿ ಗಂಡನ ಜೊತೆ ಸಂಸ್ಥಾನದ ಸರಹದ್ದು ದಾಟಿ ಹೋದವಳು ಅಲ್ಲಿಯೇ ಹಡೆದಿದ್ದಳು. ಪೊಲೀಸ್ ಆಕ್ಷನ್ ಆಗಿ ಒಂದು ಚಳಿಗಾಲ ಕಳೆದಿತ್ತು. ಅವಳ ಗಂಡನಿಗೆ ಹೈದರಾಬಾದಿನಲ್ಲಿ ನೌಕರಿ ಸಿಕ್ಕಿತ್ತು. ಮರುದಿನವೇ ಹಾಜರಾಗಬೇಕು, ನಡುವೆ ಇಳಿಯುವ ಹಾಗಿಲ್ಲ. ‘ಮಧ್ಯಾಹ್ನ ಮೂರಕ್ಕೆ ಗಾಡಿ ಭಾಲ್ಕಿ ಸ್ಟೇಶನ್ನಿನಾಗ ನಿಂದರತದ. ಅವ್ವ, ಕಿಡಕಿಯಿಂದಾದರೂ ಕೂಸಿನ ಮುಖ ನೋಡು’ ಎಂದು ಬರೆದಿದ್ದಳು. ವಾರದ ಹಿಂದೆ ಬರೆದ ಕಾಗದ ನಮ್ಮ ಕೈ ಸೇರಿದ್ದು ಗಾಡಿ ಬರುವ ದಿನದ ಮುಂಜಾನೆಯೇ. ಎತ್ತಿನ ಬಂಡಿ ಹೂಡಿದರೆ ಭಾಲ್ಕಿ ಮುಟ್ಟುವಷ್ಟರಲ್ಲಿ ಕೂಸು ಹೈದರಾಬಾದಿನಲ್ಲಿರುತ್ತದೆ. ಉಳಿದದ್ದು ಮೋಟರು ಒಂದೇ.

ಆ ಮೋಟರು ಒಂದು ವರ್ಷದಿಂದ ಕಣಕಿಯ, ಅಂದರೆ ಜೋಳದ ದಂಟಿನ, ಬಣವಿಯೊಳಗಿತ್ತು. ರಜಾಕಾರರು ಕಂಡ ಕಂಡ ಗಾಡಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಅಪ್ಪ ಅದರ ಮೇಲೆ ಜೋಳದ ಕಣಕಿ ಒಟ್ಟಿಸಿದ್ದ. ಪೊಲೀಸ್ ಆಕ್ಷನ್ ಆಗಿ ಗಾಳಿ ತಿರುಗಿ ಬೀಸಿ, ಮುಸಲ್ಮಾನರ ಜೀವಕ್ಕೆ ಕುತ್ತು ಬಂದಾಗ ಅದೇ ಬಣವಿಯ ಮರೆಯಲ್ಲಿ ಖಾಸಿಂ ಮಾಮಾನನ್ನೂ ಕೆಲವು ವಾರ ಅಡಗಿಸಿಡಬೇಕಾಯಿತು. ಅವ್ವ ಎರಡೂ ಹೊತ್ತು ರೊಟ್ಟಿ ಒಯ್ದು ಕೊಡುತ್ತಿದ್ದಳು. ಬಣವಿ ಇಬ್ಬರನ್ನೂ ಕಾಯ್ದಿತ್ತು. ಮಾಮಾ ಹೊರಬಂದ ದಿನವೇ ಓಡಾಡತೊಡಗಿದ. ಮೋಟರಿನ ಮಾತು ಬೇರೆ.

ಮಾಮಾ ಹ್ಯಾಂಡಲ್ ಹೊಡೆದ. ಇಂಜಿನ್ನು ಗರ್ ಗರ್ ಎಂದು ಚೆಂದಾಗಿ ತಿರುಗಿತು. ತಿರುಗಿದ್ದಷ್ಟೇ.

‘‘ಸಾವಕಾರ್ರ, ಜೀವ ಅದರಿ, ಮಗರ್ ಉಸುರು ಹಾಕವಲ್ದು’’ ಎಂದ ಮಾಮಾ. ಆಮೇಲೆ ಏನೋ ನೆನಪಾಗಿ ನಾಲಿಗೆ ಕಚ್ಚಿಕೊಂಡು, ತಂಬಾಕಿನ ಚೀಲದಿಂದ ಹೆಬ್ಬೆರಳಿನಷ್ಟು ದೊಡ್ಡ ಕರೀ ಸಾಮಾನೊಂದನ್ನು ತೆಗೆದ. ಕಿಡಿ ಹಂಚುವ ರೋಟರ್ ಅದು. ‘‘ಯಾರರ ಬಣವಿ ಕೆದರಿದರೂ ಗಾಡಿ ಒಯ್ಯಬಾರದು ಅಂತ ನಾನೇ ತೆಗೆದಿದ್ದೆರಿ.’’

‘‘ನನಗ ಯಾಕ ಹೇಳಲಿಲ್ಲೋ?’’ ಅಪ್ಪ ಗುಡುಗಿದ.

‘‘ಹೇಳಿದ್ದರ ನಿಮಗ ಹೊಡೆದು ಬಾಯಿ ಬಿಡಸ್ತಿದ್ದರು.’’

ಅದು ಆಗಿನ ನ್ಯಾಯ. ಗೊತ್ತಿದ್ದವನಿಗೆ ಏಟು, ಗೊತ್ತಿಲ್ಲದವನಿಗೆ ನಿದ್ದೆ. ಹಾಗಾಗಿ ಪ್ರೀತಿಯವರಿಗೆ ಯಾರೂ ಏನೂ ಹೇಳುತ್ತಿರಲಿಲ್ಲ.

ರೋಟರ್ ಕೂತಿತು, ಹ್ಯಾಂಡಲ್ ತಿರುಗಿತು, ಮೋಟರು ಮಾತ್ರ ಮೌನಗೌರಿ. ನಾನು ಪುಸ್ತಕದ ಮುಕ್ಕಾಲು ಪಾಲನ್ನು ನೆನೆದು, ‘‘ಇಂಜಿನ್ನಿಗೆ ಬೇಕಾದದ್ದು ಮೂರೇ: ಕಿಡಿ, ಎಣ್ಣಿ, ಗಾಳಿ’’ ಎಂದು ಘೋಷಿಸಿದೆ. ‘‘ಒಲಿಗೂ ಅವೇ ಬೇಕು, ಅದಕ್ಕ ಹೈದರಾಬಾದ್‌ಗಿ ಹೋಗಬೇಕಿತ್ತ?’’ ಎಂದಳು ಅವ್ವ. ಅವಳ ಕಣ್ಣು ಮಾತ್ರ ಬಿಸಿಲಿನ ಮೇಲಿತ್ತು; ನೆರಳು ಗೋಡೆಯ ಬುಡಕ್ಕೆ ಸರಿಯುತ್ತಿತ್ತು.

ಅವ್ವನ ಅಪ್ಪ ಭಾಲ್ಕಿಯ ಕಡೆ ನಾಡಿ ನೋಡುವ ವೈದ್ಯ. ನನಗೆ ಅಕ್ಷರಕ್ಕಿಂತ ಮೊದಲು ಮಾತು ಕಲಿಸಿದವನು ಅವನೇ. ರೋಗ ಹಿಡಿಯಲು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ದಾರಿ ಎನ್ನುತ್ತಿದ್ದ: ಕಣ್ಣಿಂದ ನೋಡು, ಕೈಯಿಂದ ಮುಟ್ಟು, ಬಾಯಿಂದ ಕೇಳು. ‘‘ಮೊದಲಿನ ಎರಡರಾಗ ವೈದ್ಯನ ಶಾಣ್ಯಾತನ ಕಾಣತದ, ಮೂರನೇದರಾಗ ರೋಗ ಕಾಣತದ’’ ಎಂದು ನಗುತ್ತಿದ್ದ. ನಾನು ನೋಡಿದೆ, ಮುಟ್ಟಿದೆ, ಮುಟ್ಟಿ ಕೈ ಕರ್ರಗೆ ಮಾಡಿಕೊಂಡೆ. ಕೇಳುವುದು ಹೊಳೆಯಲಿಲ್ಲ. ಮೋಟರನ್ನೇನು ಕೇಳುವುದು!

ಅಷ್ಟರಲ್ಲಿ ಮಾಮಾ ಎಣ್ಣೆ ಟಾಕಿಯ ಮುಚ್ಚಳ ತೆಗೆದು ಮೂಸಿ, ಕಾಕಾನ ಕಡೆ ತಿರುಗಿದ. ಕಾಕಾ ಬೇವಿನ ಗಿಡ ನೋಡುತ್ತ ನಿಂತ.

‘‘ಇದು ಘಾಸಲೇಟ್ ಅದರಿ!’’

‘‘ಒಯ್ದವರು ಊರ ಅಗಸಿ ಬಾಗಿಲು ದಾಟಬಾರದಂತ...’’ ಕಾಕಾ ಗೊಣಗಿದ. ಪೆಟ್ರೋಲ್ ಬಸಿದು ಅಂಗಡಿಯ ಅಟ್ಟದಲ್ಲಿಟ್ಟು, ಟಾಕಿಗೆ ಚಿಮಣಿ ಎಣ್ಣೆ ತುಂಬಿದ್ದ. ಅಪ್ಪ ತಮ್ಮನ ಬುದ್ಧಿಯನ್ನು ಮೂರು ಭಾಷೆಗಳಲ್ಲಿ ಹೊಗಳಿದ. ಡಬ್ಬ ಬಂತು, ಎಣ್ಣೆ ಬದಲಾಯಿತು, ಮಾಮಾ ನಳಿಗೆಯನ್ನು ಬಾಯಿಂದ ಊದಿ ಚೊಕ್ಕ ಮಾಡಿ ಮತ್ತೆ ಹ್ಯಾಂಡಲ್ ಹಿಡಿದ.

ಧಡ್!

ಮೋಟರಿನ ಹಿಂದಿನ ಹೊಗೆ ಕೊಳವೆಯಿಂದ ಕರಿಯ ಉಂಡೆಯೊಂದು ಹಾರಿ ಕೊಟ್ಟಿಗೆಯ ಗೋಡೆಗೆ ಬಡಿಯಿತು. ಓಣಿಯಲ್ಲಿ ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು; ಆ ಸದ್ದಿಗೆ ಬೇರೆ ಅರ್ಥವಿದ್ದ ದಿನಗಳು ಇನ್ನೂ ಹಳೆಯವಾಗಿರಲಿಲ್ಲ. ನಾನು ಉಂಡೆಯನ್ನು ಬಿಚ್ಚಿದೆ. ಇಳಕಲ್ ಸೀರೆಯ ಅರ್ಧ ಸೆರಗು.

ಎಲ್ಲರೂ ಅವ್ವನ ಕಡೆ ನೋಡಿದೆವು. ‘‘ಒನಕಿಲೆ ಜಡಿದಿದ್ದೆ’’ ಎಂದಳು ಅವ್ವ, ತಲೆ ತಗ್ಗಿಸದೆ. ‘‘ನನಗೇನ ಗೊತ್ತು, ನೀವೂ ಶಾಣ್ಯಾರದೀರಂತ?’’

ಸಿಟ್ಟು ಮಾಡುವ ಸರದಿ ಅಪ್ಪನದು. ಮಾಡಲಿಲ್ಲ. ಮೋಟರು ಈಗ ಕೆಮ್ಮುತ್ತಿತ್ತು, ಸೀನುತ್ತಿತ್ತು, ಓಡಲು ಮಾತ್ರ ಒಲ್ಲೆ ಎನ್ನುತ್ತಿತ್ತು. ಹನ್ನೊಂದು ಹೊಡೆಯಿತು. ನಮ್ಮಜ್ಜನ ಮೂರನೆಯ ದಾರಿ ಆಗ ನೆನಪಾಯಿತು. ‘‘ಅಪ್ಪಾ, ನೀವೇನರ ಮಾಡೀರೇನ್ರಿ?’’ ಎಂದು ಕೇಳಿಯೇಬಿಟ್ಟೆ. ಅಪ್ಪ ವಿಭೂತಿಯ ಹಣೆಯನ್ನು ಒಮ್ಮೆ ಒರೆಸಿಕೊಂಡು, ಬಹಳ ಸಣ್ಣ ದನಿಯಲ್ಲಿ, ‘‘ಕಿಡಿ ಒಯ್ಯೋ ನಾಲ್ಕು ತಂತಿ ಅವಲ್ಲ, ಅದರಾಗ ಎರಡು ಅದಲಿ ಬದಲಿ ಮಾಡೀನಿ’’ ಎಂದ. ಮುಂಜಾನೆಯಿಂದ ಎಲ್ಲರನ್ನೂ ಬೈದ ಮನುಷ್ಯ! ಕಾಕಾ ಈಗ ಬೇವಿನ ಗಿಡ ಬಿಟ್ಟು ಅಣ್ಣನ ಮುಖ ನೋಡಿದ.

ತಂತಿ ತಮ್ಮ ತಮ್ಮ ಜಾಗಕ್ಕೆ ಹೋದವು. ಮಾಮಾ ‘ಯಾ ಅಲ್ಲಾ’ ಎಂದ, ಅಪ್ಪ ‘ಬಸವಾ’ ಎಂದ, ಮೋಟರು ‘ಢರ್ರ್’ ಎಂದಿತು. ಅವ್ವ ಆಗಲೇ ಒಳಗೆ ಹತ್ತಿ ಕೂತಿದ್ದಳು.

ಆಮೇಲೆ ಎಷ್ಟೋ ಗಾಡಿಗಳು ನನಗೆ ಕೈಕೊಟ್ಟಿವೆ. ಆ ದಿನದಂಥ ರೋಗ ಮತ್ತೆ ಕಂಡಿಲ್ಲ. ಯಾರೂ ಕೆಡಿಸಿರಲಿಲ್ಲ, ನಾಲ್ಕು ಮಂದಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಕಾಪಾಡಿದ್ದರು. ಪರವೂರಿನ ಕಾಲೇಜಿನಲ್ಲಿದ್ದ ನಾನೊಬ್ಬನೇ ಅದಕ್ಕೆ ಏನೂ ಮಾಡದವನು. ಉಪದೇಶಕ್ಕೆ ಮುಂದಾಗಿದ್ದವನೂ ನಾನೇ.

ಭಾಲ್ಕಿ ಸ್ಟೇಶನ್ನಿಗೆ ನಾವು ನುಗ್ಗಿದಾಗ ಗಾಡಿ ನಿಂತಿತ್ತು, ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದ. ಅಕ್ಕ ಕಿಟಕಿಯಿಂದ ಕೂಗಿದಳು. ಕಿಟಕಿಯಿಂದ ಕೂಸನ್ನು ನೋಡುವುದು ಅವ್ವನಿಗೆ ಸಾಲಲಿಲ್ಲ. ಡಬ್ಬಿ ಹತ್ತಿದಳು, ಕೂಸನ್ನು ಎತ್ತಿಕೊಂಡಳು, ಗಾಡಿ ಹೊರಟಿತು. ಅವ್ವ ಇಳಿಯಲಿಲ್ಲ.

ನಾವು ಮೋಟರಿನಲ್ಲಿ ಧೂಳೆಬ್ಬಿಸುತ್ತ ಬೆನ್ನು ಹತ್ತಿದೆವು. ನೌಬಾದ ದಾಟಿ ಬೀದರ ಸ್ಟೇಶನ್ ಮುಟ್ಟುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿತ್ತು. ಅವ್ವ ಕಲ್ಲಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು, ತೊಡೆಯ ಮೇಲಿನ ಸೀರೆ ಒದ್ದೆ.

‘‘ನಡುವ ಹಲಬರ್ಗಾ ಸ್ಟೇಶನ್ನಿನಾಗ ಇಳೀಬೇಕಿಲ್ಲ?’’ ಅಪ್ಪ ಕೇಳಿದ.

‘‘ಹ್ಯಾಂಗ ಇಳೀಲಿ? ಕೂಸಿಗಿ ಆಗಷ್ಟ ತೊಡಿ ಮ್ಯಾಲ ನಿದ್ದಿ ಹತ್ತಿತ್ತು’’ ಎಂದಳು ಅವ್ವ.

ಔರಾದಿಗೆ ಬಂದ ಮೇಲೆ ಕೂಸು ಒದ್ದೆ ಮಾಡಿದ ಆ ಸೀರೆಯನ್ನು ಎಂಟು ದಿನ ಅವಳು ಯಾರಿಗೂ ಒಗೆಯಲು ಕೊಡಲಿಲ್ಲ.