ಕಿವಿ ನಂಬಿದವರು

ನಮ್ಮ ಶಿರಸಿ ಮನೆಗೆ ಎರಡನೇ ರೂಟರ್ ಹಾಕಲು ಹುಲೇಕಲ್ ಕಡೆಯಿಂದ ಬಂದ ನೆಟ್‌ನವರು ಟೆಸ್ಟರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದರು. ಫೋನಿನಲ್ಲಿ ನೆಟ್‌ವರ್ಕ್ ಎಷ್ಟು ಕಡ್ಡಿ ತೋರಿಸುತ್ತದೆಂದು ಅವರು ನೋಡುತ್ತಲೇ ಇರಲಿಲ್ಲ. ಪ್ರತಿ ಕೋಣೆಯಲ್ಲೂ ಅದೇ ಫೋನಿನಲ್ಲಿ ಬೇರೊಂದು ಹಾಡು ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

“ಕಡ್ಡಿ ನಂಬಡಿ, ಕಿವಿ ನಂಬಿ,” ಎನ್ನುತ್ತಿದ್ದರು.

ನೆಟ್‌ನಿಂದ ಹಾಡುವ ಸ್ಪೀಕರ್ ಕೊಂಡು ಮಹಡಿಯಲ್ಲಿಟ್ಟವನು ನಾನು. ರೂಟರ್ ಬೇಕಾದದ್ದು ಅಲ್ಲಿನ ನನ್ನ ಕೋಣೆಗೆ. ಆದರೆ ದಪ್ಪ ಗೋಡೆ ದಾಟಿ ಅಡಿಗೆಮನೆಗೆ ಬಂದಾಗ ಹಾಡು ಮೊದಲ ಸಾಲಿಗೇ ನಿಂತಿತು. ತೆಳ್ಳೇವು ದೋಸೆ ಎರೆಯುತ್ತಿದ್ದ ಅತ್ತಿಗೆ, ತಿರುಗಿಯೂ ನೋಡದೆ, ಎರಡನೇ ಸಾಲು ಹಾಡಿದರು. ಇಪ್ಪತ್ತು ವರ್ಷ ಅವರ ಕೈಯೂಟ ಉಂಡ ನಾನು ಆ ದನಿ ಕೇಳಿರಲಿಲ್ಲ.

“ಮೇಲೆ ಹೋಪನ,” ಎಂದೆ.

ನೆಟ್‌ನವರು ಕದಲಲಿಲ್ಲ. “ತಡೀರಿ, ಇನ್ನೊಂದು ಸಾಲು ಬರ್ಲಿ.”

ಅತ್ತಿಗೆ ನಾಚಿ, ಹಾಡು ಬಿಟ್ಟು ಮುಂದಿನ ತೆಳ್ಳೇವು ಎರೆದರು. ನೆಟ್‌ನವರು ಹಳೇ ರೂಟರಿನಿಂದ ತಂತಿ ಎಳೆದು, ಹೊಸದನ್ನು ಅಡಿಗೆಮನೆ ಗೋಡೆಗೇ ಹೊಡೆದರು.

“ಮತ್ತೆ ನಂಗೆ?”

“ಕೆಳಗೆ ಇಳಿದು ಬಂದ್ರೆ ನಿಮಗೂ ಕೇಳ್ತು.”

ಆ ಸಂಜೆಯೇ ಸ್ಪೀಕರನ್ನೂ ಕೆಳಗೆ ತಂದಿಟ್ಟೆ. ಈಗಲೂ ನೆಟ್ ಹೋಗಿ ಹಾಡು ನಿಂತರೆ ಆ ನೆಟ್‌ನವರನ್ನು ನೆನೆಯುತ್ತೇನೆ, ಫೋನ್ ಮಾಡುವುದಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತು, ಅತ್ತಿಗೆ ಹಾಡುವ ಮುಂದಿನ ಸಾಲಿಗೆ ಕಾಯುತ್ತೇನೆ.